ಒಂದೇ ನಾಟಕ, ಐವತ್ತು ವರ್ಷ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಇಟಲಿಯ ರಂಗನಿರ್ದೇಶಕ ಜಾರ್ಜೊ ಸ್ಟ್ರೇಲರ್ ಬಗ್ಗೆ ಹಿಂದಿನ ಸಂಚಿಕೆಯ ಲೇಖನ ಓದಿದೆ. ಹದಿನೆಂಟನೇ ಶತಮಾನದ ನಾಟಕಕಾರ ಗೊಲ್ಡೋನಿಯ ಒಂದೇ ಹಾಸ್ಯನಾಟಕವನ್ನು ಬದುಕಿಡೀ ಆಡಿಸಿದವರಿಗೆ ಇಷ್ಟು ಹೊಗಳಿಕೆ ಏಕೆ? ಹೊಸದು ಹೊಳೆಯದವರು ಹಳೆಯದನ್ನೇ ತಿರುವಿ ಹಾಕುತ್ತಾರೆ. ಸಾರ್ವಜನಿಕರ ಹಣ ಹೊಸ ನಾಟಕಕಾರರಿಗೆ ಸಲ್ಲಬೇಕಲ್ಲವೇ?

ಸಂಪಾದಕರ ಉತ್ತರ: ಹೊಸ ನಾಟಕಕಾರರಿಗೆ ರಂಗ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದದ್ದನ್ನು ಮಾತ್ರ ನಾನು ಒಪ್ಪಲಾರೆ. ಇಷ್ಟು ಎಚ್ಚರದಿಂದ ಓದುವ ನೀವು ಇಷ್ಟು ಅವಸರದ ತೀರ್ಪು ಕೊಡಬಾರದಿತ್ತು.

ಹೊಸದು ಹೊಳೆಯಲಿಲ್ಲವೆಂದಿರಿ. 1956ರಲ್ಲಿ ಸ್ಟ್ರೇಲರ್ ಆಡಿಸಿದ ‘ಮೂರು ಕಾಸಿನ ಸಂಗೀತ ನಾಟಕ’ವನ್ನು ನೋಡಲು ಅದನ್ನು ಬರೆದ ಜರ್ಮನ್ ನಾಟಕಕಾರ ಬ್ರೆಖ್ಟ್ ತಾವೇ ಮಿಲಾನ್‌ಗೆ ಬಂದಿದ್ದರು. ಶೇಕ್ಸ್‌ಪಿಯರ್, ಚೆಕಾಫ್ ಎಲ್ಲರನ್ನೂ ಕೈಗೆತ್ತಿಕೊಂಡ ಮನುಷ್ಯ ನೀವು ಹೇಳುವ ಆ ಗೊಲ್ಡೋನಿ ನಾಟಕದ, ‘ಇಬ್ಬರು ಯಜಮಾನರ ಸೇವಕ’ನ ಬಳಿಗೆ ಮರಳುತ್ತಲೇ ಇದ್ದರು. ಮೊದಲ ಪ್ರದರ್ಶನ 1947ರ ಜುಲೈನಲ್ಲಿ. ಪಾವೊಲೊ ಗ್ರಾಸ್ಸಿಯವರೊಂದಿಗೆ ಮಿಲಾನಿನಲ್ಲಿ ‘ಪಿಕ್ಕೋಲೊ’ ರಂಗಮಂದಿರ ಶುರುಮಾಡಿ ಆಗಿನ್ನೂ ಎರಡು ತಿಂಗಳಾಗಿತ್ತು. ಯುದ್ಧಕಾಲದಲ್ಲಿ ಫ್ಯಾಸಿಸ್ಟ್ ಪಡೆಯವರು ಬಂಧಿತರಿಗೆ ಚಿತ್ರಹಿಂಸೆ ಕೊಟ್ಟ ಕಟ್ಟಡ ಅದು. ಅಲ್ಲಿ ಹಸಿದ ಸೇವಕನೊಬ್ಬ ಜನರನ್ನು ನಗಿಸಿದ.

ಆ ಹಸಿವನ್ನು ನೋಡಿ. ಒಬ್ಬ ಯಜಮಾನನಿಗೆ ಬಂದ ಕಾಗದವನ್ನು ಇನ್ನೊಬ್ಬ ಯಜಮಾನ ಒಡೆದುಬಿಟ್ಟಿದ್ದಾನೆ, ಸೇವಕ ಅದನ್ನು ಮತ್ತೆ ಅಂಟಿಸಬೇಕು. ಅಂಟಿಗೆಂದು ರೊಟ್ಟಿಯ ಚೂರನ್ನು ಅಗಿಯುತ್ತಾನೆ. ಅಗಿದದ್ದು ಬಾಯಲ್ಲಿ ನಿಲ್ಲುವುದಿಲ್ಲ, ಗಂಟಲಿಗೆ ಇಳಿದುಹೋಗುತ್ತದೆ. ಇನ್ನೊಂದು ಚೂರು ಬಾಯಿಗಿಡುತ್ತಾನೆ. ನಗು ಬರುತ್ತದೆ, ಆದರೆ ಯುದ್ಧ ಮುಗಿದ ಎರಡೇ ವರ್ಷಕ್ಕೆ ಇದನ್ನು ನೋಡಿದ ಮಿಲಾನಿನವರಿಗೆ ರೊಟ್ಟಿಯ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸೇವಕ ಆರ್ಲೆಕಿನೊನ ಪಾತ್ರ ಮಾಡಿದ ಮಾರ್ಚೆಲ್ಲೊ ಮೊರೆಟ್ಟಿ ಮೊದಮೊದಲು ಮುಖವಾಡ ಒಲ್ಲದೆ ಮುಖಕ್ಕೆ ಬಣ್ಣ ಬಳಿದುಕೊಂಡು ಆಡುತ್ತಿದ್ದರು. ಪಡುವಾದ ಶಿಲ್ಪಿ ಅಮ್ಲೆಟೊ ಸಾರ್ಟೋರಿ ಮರೆತುಹೋಗಿದ್ದ ಕಸುಬನ್ನು ಹುಡುಕಿ ತೆಗೆದು, ಮರದ ಅಚ್ಚಿನ ಮೇಲೆ ಒದ್ದೆ ಚರ್ಮವನ್ನು ಬಡಿದು ಕೂರಿಸಿ ಮುಖವಾಡ ಮಾಡಿಕೊಟ್ಟರು. ಮುಖ ಮುಚ್ಚಿದ ಮೇಲೆ ನಟನ ಕುತ್ತಿಗೆ, ಭುಜ, ಮೊಣಕಾಲುಗಳು ಮಾತು ಕಲಿಯಬೇಕಾಯಿತು. ಇದು ಒಂದು ತಿಂಗಳ ತಾಲೀಮಿನಲ್ಲಿ ಬರುವ ವಿದ್ಯೆಯೇ?

1961ರಲ್ಲಿ ಮೊರೆಟ್ಟಿ ತೀರಿಕೊಂಡರು. ಪಾತ್ರ ಫೆರುಚ್ಚೊ ಸೊಲೇರಿಯವರಿಗೆ ಬಂತು. 1963ರಲ್ಲಿ ಸ್ಟ್ರೇಲರ್ ನಾಟಕವನ್ನು ಬಯಲಿಗೆ ತಂದರು. ಊರೂರು ಅಲೆಯುವ ನಟರು ಅಟ್ಟದ ಪಕ್ಕದಲ್ಲಿ ಮುಖವಾಡ ತೆಗೆದು ದಣಿವಾರಿಸಿಕೊಳ್ಳುವುದು ಈಗ ಪ್ರೇಕ್ಷಕರಿಗೆ ಕಾಣುವಂತಾಯಿತು. ಕಥೆ ಅದೇ, ಜೊತೆಗೆ ನಟರ ಬಾಳು ಸೇರಿಕೊಂಡಿತು. 1987ರಲ್ಲಿ ಮತ್ತೊಮ್ಮೆ, 1990ರಲ್ಲಿ ಎಳೆಯರೊಂದಿಗೆ ಇನ್ನೊಮ್ಮೆ. 1997ರಲ್ಲಿ ಸ್ಟ್ರೇಲರ್ ಸಾಯುವವರೆಗೂ ಈ ನಂಟು ಬಿಡಲಿಲ್ಲ. ಸೊಲೇರಿಯವರಂತೂ ಎಂಬತ್ತು ದಾಟಿದ ಮೇಲೂ ಅದೇ ತೇಪೆಯಂಗಿ ತೊಟ್ಟು ಲಾಗ ಹಾಕುತ್ತಿದ್ದರು!

ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ಬೇಸರ. ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರ ಕಳ್ಳನನ್ನು ನಮ್ಮ ಹಿರಿಯರು ಎಷ್ಟು ಸಲ ನೋಡಿದರೂ ದಣಿಯಲಿಲ್ಲ. ಕರಾವಳಿಯ ಪ್ರೇಕ್ಷಕನಿಗೆ ಪ್ರಸಂಗದ ಪದ್ಯಗಳು ಬಾಯಿಪಾಠ. ಇವತ್ತು ಭಾಗವತರು ಆ ಪದ್ಯವನ್ನು ಹೇಗೆ ಎತ್ತುತ್ತಾರೆ, ವೇಷಧಾರಿ ಅದಕ್ಕೆ ಯಾವ ಅರ್ಥ ಹೇಳುತ್ತಾನೆ ಎಂದು ನೋಡಲು ರಾತ್ರಿಯಿಡೀ ಕೂರುತ್ತಾನೆ. ಅವನನ್ನು ಹೊಸತನ ಗೊತ್ತಿಲ್ಲದವನು ಎನ್ನುತ್ತೀರಾ?

ಇಂದು ನಮ್ಮಲ್ಲಿ ಒಳ್ಳೆಯ ನಾಟಕವೂ ನಾಲ್ಕಾರು ಪ್ರದರ್ಶನಕ್ಕೆ ಮುಗಿಯುತ್ತದೆ. ಮಾತು ನಾಲಿಗೆಗೆ ಹದವಾಗಿ ಕೂರುವ ಹೊತ್ತಿಗೆ ನಟ ಧಾರಾವಾಹಿಗೆ ಹೋಗಿರುತ್ತಾನೆ, ರಂಗಸಜ್ಜಿಕೆ ಗೆದ್ದಲಿನ ಪಾಲಾಗಿರುತ್ತದೆ. ಹಣ ಕೊಡುವವರು ಕೇಳುವುದು ಹೊಸ ನಾಟಕ ಯಾವುದು ಎಂದು. ಆಡಿದ್ದನ್ನು ಉಳಿಸಿಕೊಳ್ಳಲು ನಟರಿಗೆ ತಿಂಗಳ ಸಂಬಳ ಬೇಕು, ಉಡುಪು ಕಾಪಾಡಲು ಒಂದು ಕೋಣೆ ಬೇಕು. ಪಿಕ್ಕೋಲೊ ನಡೆಯಲು ಮಿಲಾನಿನ ನಗರಸಭೆ ಹಣ ಕೊಟ್ಟಿತು. ಸಾರ್ವಜನಿಕ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆಯನ್ನು ನಾನು ಕಾಣೆ. ನಿಮ್ಮ ಹೊಸ ನಾಟಕಕಾರರಿಗೂ ಬೇಕಾದದ್ದು ಇದೇ: ಅವರ ನಾಟಕವನ್ನು ಹತ್ತು ವರ್ಷವಾದ ಮೇಲೂ ಆಡಬಲ್ಲ ಒಂದು ತಂಡ.