‘ಪ್ರತಿಸುಂಕ’ದಲ್ಲಿ ‘ಪ್ರತಿ’ ಎಲ್ಲಿದೆ?

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ಅಮೆರಿಕದ ರಾಜಕೀಯದ ಬಗ್ಗೆ ನಿಮ್ಮಲ್ಲಿ ಬಂದದ್ದನ್ನು ಓದಿ, ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ, ‘ಅಪ್ಪಾ, ಅವರು ಹಾಗೆ ಮಾತಾಡೋದೇ ಇಲ್ಲ’ ಅನ್ನುತ್ತಾಳೆ. ನಿಮ್ಮ ಪುಟದಲ್ಲಿ ಟ್ರಂಪ್ ಕಾಲೇಜು ಪ್ರಿನ್ಸಿಪಾಲರ ಹಾಗೆ ಮಾತಾಡುತ್ತಾರೆ. ‘ಪ್ರತಿಸುಂಕ’ ಎಂದು ದಪ್ಪಕ್ಷರದಲ್ಲಿ ಹಾಕಿದಿರಿ, ಯಾವುದಕ್ಕೆ ಪ್ರತಿ? ಬೆಳಗಾದರೆ ಎದುರಾಳಿಯನ್ನು ಬೈಯುವವರಿಗೆ ‘ಅವರು’ ಎಂಬ ಬಹುವಚನ ಯಾಕೆ? ಇದು ಭಯವೋ, ಸೋಮಾರಿತನವೋ?”

ಮೇಷ್ಟ್ರೇ, ಭಯವಲ್ಲ. ಸೋಮಾರಿತನ ಎಂಬ ಮಾತನ್ನು ಮಾತ್ರ ಪೂರ್ತಿ ತಳ್ಳಿಹಾಕಲಾರೆ. ‘ಪ್ರತಿಸುಂಕ’ದ ಶೀರ್ಷಿಕೆಗೆ ಒಪ್ಪಿಗೆ ಕೊಟ್ಟವನು ನಾನೇ. ಅಲ್ಲಿಂದಲೇ ಶುರು ಮಾಡುತ್ತೇನೆ.

2025ರ ಏಪ್ರಿಲ್ 2ರಂದು ಟ್ರಂಪ್ ಶ್ವೇತಭವನದ ತೋಟದಲ್ಲಿ ಒಂದು ಫಲಕ ಹಿಡಿದು ನಿಂತರು. ಅದರಲ್ಲಿ ಎರಡು ಸಾಲು ಅಂಕಿಗಳಿದ್ದವು. ಒಂದು, ಆಯಾ ದೇಶ ಅಮೆರಿಕದ ಮೇಲೆ ಹಾಕುತ್ತಿರುವ ಸುಂಕ. ಇನ್ನೊಂದು, ಅದಕ್ಕೆ ಪ್ರತಿಯಾಗಿ ಅಮೆರಿಕ ಹಾಕಲಿರುವ ಸುಂಕ. ಭಾರತದ ಎದುರು ಶೇ 52, ಪಕ್ಕದಲ್ಲಿ ಶೇ 26. ಇದನ್ನು ನೋಡಿದ ಯಾರಿಗಾದರೂ ನಮ್ಮ ಮದುವೆ ಮನೆಯ ಮುಯ್ಯಿ ಪುಸ್ತಕ ನೆನಪಾಗುತ್ತದೆ. ಅವರು ನಮಗೆ ಎಷ್ಟು ಓದಿಸಿದ್ದರು ಎಂದು ಹಾಳೆ ತಿರುಗಿಸಿ ನೋಡಿ ನಾವೂ ಅಷ್ಟೇ ಓದಿಸುವುದು ನಮಗೆ ಗೊತ್ತಿರುವ ಲೆಕ್ಕ. ‘ಪ್ರತಿ’ ಎಂಬ ಮೂರಕ್ಷರವೂ ಇಲ್ಲದ ಪದ ಓದುಗರ ತಲೆಯಲ್ಲಿ ಕಟ್ಟುವ ಚಿತ್ರ ಇದೇ.

ಆದರೆ ಶೇ 52 ಸುಂಕದ ಲೆಕ್ಕವೇ ಅಲ್ಲ. 2024ರಲ್ಲಿ ಅಮೆರಿಕ ಭಾರತದಿಂದ ತರಿಸಿಕೊಂಡ ಸರಕು ಸುಮಾರು 8,700 ಕೋಟಿ ಡಾಲರ್. ಭಾರತಕ್ಕೆ ಕಳಿಸಿದ್ದಕ್ಕಿಂತ ಅದು ಸುಮಾರು 4,570 ಕೋಟಿ ಹೆಚ್ಚು. ಈ ಕೊರತೆಯನ್ನು ಆಮದಿನಿಂದ ಭಾಗಿಸಿದರೆ ಶೇ 52 ಬರುತ್ತದೆ. ಅದನ್ನು ಅರ್ಧ ಮಾಡಿದರೆ 26. ಅಷ್ಟೇ. ನೀವು ಬೀದಿಯ ಅಂಗಡಿಯಲ್ಲಿ ತಿಂಗಳಿಗೆ ನೂರು ರೂಪಾಯಿ ದಿನಸಿ ಕೊಳ್ಳುತ್ತೀರಿ, ಆ ಅಂಗಡಿಯವರು ನಿಮ್ಮಿಂದ ನಲವತ್ತೆಂಟು ರೂಪಾಯಿ ಅಡಿಕೆ ಕೊಳ್ಳುತ್ತಾರೆ. ಹಾಗಾದರೆ ಅವರು ನಿಮ್ಮ ಮೇಲೆ ಶೇ 52 ತೆರಿಗೆ ಹಾಕಿದ್ದಾರೆ ಎಂದು ವಾದಿಸಿದಂತೆ ಇದು. ಭಾರತದ ಸುಂಕ ಕಡಿಮೆಯೇನಲ್ಲ. ಸರಾಸರಿ ಶೇ 17ರ ಆಸುಪಾಸಿನಲ್ಲಿದೆ, ಅದರ ಬಗ್ಗೆ ಅಮೆರಿಕ ತಕರಾರು ಎತ್ತುವುದರಲ್ಲಿ ಹುರುಳಿದೆ. ಆದರೆ ಫಲಕದ ಮೇಲಿದ್ದ ಅಂಕಿ ಅದಲ್ಲ. ಮನುಷ್ಯರೇ ಇಲ್ಲದ, ಪೆಂಗ್ವಿನ್‌ಗಳಿರುವ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳಿಗೂ ಶೇ 10 ಬಿದ್ದಿತ್ತು. ಅಲ್ಲಿ ಯಾವ ಮುಯ್ಯಿ?

ಪದ (‘ರೆಸಿಪ್ರೊಕಲ್ ಟ್ಯಾರಿಫ್’) ಅಮೆರಿಕ ಸರ್ಕಾರದ್ದು. ಅದನ್ನು ಉದ್ಧರಣ ಚಿಹ್ನೆಯೂ ಇಲ್ಲದೆ ಕನ್ನಡ ಮಾಡಿ ತಲೆಬರಹಕ್ಕೆ ಏರಿಸಿದಾಗ ಆ ಪದದೊಳಗಿದ್ದ ವಾದವೂ ನಮ್ಮ ಮಾತೇ ಆಗಿಹೋಯಿತು. ಲೇಖನದ ಒಳಗೆ, ಐದನೆಯ ಪ್ಯಾರಾದಲ್ಲಿ, ಲೆಕ್ಕದ ವಿವರಣೆ ಇತ್ತು ನಿಜ. ಐದನೆಯ ಪ್ಯಾರಾಕ್ಕೆ ಎಷ್ಟು ಜನ ಬರುತ್ತಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ‘ಆಮದು ಸುಂಕ’ ಎಂದಷ್ಟೇ ಬರೆಯಬಹುದಿತ್ತು, ಬರೆಯಬೇಕಿತ್ತು.

ಇನ್ನು ಪ್ರಿನ್ಸಿಪಾಲರ ಹಾಗೆ ಮಾತಾಡಿಸುವ ವಿಷಯ. ನಿಮ್ಮ ಮಗಳು ಹೇಳಿದ್ದು ಅಕ್ಷರಶಃ ಸರಿ. 2024ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕಿನ ಎಕನಾಮಿಕ್ ಕ್ಲಬ್‌ನಲ್ಲಿ ಭಾರತ ಮೂಲದ ರೇಷ್ಮಾ ಸೌಜಾನಿ ಟ್ರಂಪ್ ಅವರಿಗೆ ಒಂದು ನೇರ ಪ್ರಶ್ನೆ ಕೇಳಿದರು: ಗೆದ್ದರೆ ಮಕ್ಕಳ ಆರೈಕೆಯ ಖರ್ಚು ಕಡಿಮೆ ಮಾಡಲು ಯಾವ ಕಾನೂನು ತರುತ್ತೀರಿ? ಉತ್ತರದ ಮೊದಲ ಭಾಗವನ್ನು ಆದಷ್ಟು ಇದ್ದ ಹಾಗೇ ಕನ್ನಡಕ್ಕೆ ತಂದರೆ ಹೀಗಿರುತ್ತದೆ:

“ಹ್ಞಾ, ಅದನ್ನ ಮಾಡ್ತೀನಿ, ನಾವು ಕೂತು ಮಾತಾಡ್ತಿದೀವಿ. ಗೊತ್ತಲ್ಲ, ನಾನೊಬ್ಬ — ನಮ್ಮಲ್ಲಿ ಸೆನೆಟರ್ ಮಾರ್ಕೊ ರೂಬಿಯೊ ಇದ್ರು, ನನ್ನ ಮಗಳು ಇವಾಂಕಾ ಆ ವಿಷಯದಲ್ಲಿ ತುಂಬ ಪ್ರಭಾವ ಬೀರಿದ್ಲು. ಅದು ಬಹಳ ಮುಖ್ಯವಾದ ವಿಷಯ. ಆದ್ರೆ ನಾನು ಹೇಳ್ತಿರೋ ಥರದ ಅಂಕಿಗಳ ಮಾತು ಬಂದಾಗ — ಯಾಕಂದ್ರೆ, ನೋಡಿ, ಮಕ್ಕಳ ಆರೈಕೆ ಅಂದ್ರೆ ಮಕ್ಕಳ ಆರೈಕೆ. ಅದು — ಆಗಲ್ಲ — ಗೊತ್ತಲ್ಲ, ಅದೊಂದು ಏನೋ, ಅದು ಇರಲೇಬೇಕು. ಈ ದೇಶದಲ್ಲಿ ಅದು ಇರಲೇಬೇಕು.”

ಮುಂದೆ ಮಾತು ಸುಂಕದ ಕಡೆ ತಿರುಗಿತು. ವಿದೇಶಗಳಿಂದ ಬರುವ ಹಣ ಎಷ್ಟು ದೊಡ್ಡದೆಂದರೆ ಅದರ ಮುಂದೆ ಮಕ್ಕಳ ಆರೈಕೆಯ ಖರ್ಚು ಲೆಕ್ಕಕ್ಕಿಲ್ಲ ಎಂಬ ಧಾಟಿ. ಕಾನೂನಿನ ಹೆಸರು ಬರಲಿಲ್ಲ. ಮರುದಿನ ಹಲವು ವರದಿಗಳು ಇದನ್ನು ಒಂದು ಸಾಲಿಗೆ ಇಳಿಸಿದ್ದವು: ಮಕ್ಕಳ ಆರೈಕೆಗೆ ಸುಂಕದ ಹಣ ಬಳಸುವ ಪ್ರಸ್ತಾವ. ಹಾಗೆ ಬರೆದವರು ಸುಳ್ಳು ಬರೆಯಲಿಲ್ಲ. ಚದುರಿದ್ದನ್ನು ಆರಿಸಿ ಕಟ್ಟಿಕೊಟ್ಟರು. ಕಟ್ಟಿದ ಮೇಲೆ ಅದು ನೀತಿಯಂತೆ ಕಾಣಿಸಿತು.

ಕನ್ನಡದಲ್ಲಿ ಇದು ಇನ್ನೊಂದು ಸುತ್ತು ನಡೆಯುತ್ತದೆ. ನಮ್ಮ ಡೆಸ್ಕಿಗೆ ಬರುವುದು ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿ. ಅಲ್ಲಿ ಒಮ್ಮೆ ಸೋಸಿಯಾಗಿರುತ್ತದೆ. ಆಮೇಲೆ ನಮ್ಮ ವ್ಯಾಕರಣದ ಸರದಿ. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ, ವಾಕ್ಯ ಅರ್ಧಕ್ಕೆ ನಿಂತರೂ ಅವರು ಏನು ಮಾಡಿದರೆಂಬುದರ ತುದಿ ಸಿಕ್ಕಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಮಾತಾಡುವವರು ನಡುವೆ ಕೈಬಿಟ್ಟರೆ ನಮ್ಮ ಕೈಯಲ್ಲಿ ಕ್ರಿಯಾಪದವೇ ಇರುವುದಿಲ್ಲ. ರಾತ್ರಿ ಪುಟ ಮುಗಿಸುವ ಅವಸರದಲ್ಲಿರುವ ಉಪಸಂಪಾದಕರು ‘ಸ್ಪಷ್ಟಪಡಿಸಿದರು’, ‘ಭರವಸೆ ನೀಡಿದರು’ ಎಂದು ಒಂದನ್ನು ಜೋಡಿಸುತ್ತಾರೆ. ಹೇಳಿದವರು ಸ್ಪಷ್ಟಪಡಿಸಿಯೇ ಇರುವುದಿಲ್ಲ. ಸ್ಪಷ್ಟತೆ ನಮ್ಮ ಮೇಜಿನ ಮೇಲೆ ಹುಟ್ಟಿದ್ದು.

ಇದು ಒಬ್ಬರ ಕತೆಯಲ್ಲ. ಬೈಡನ್ ಅವರ ತಡವರಿಕೆಯನ್ನೂ ನಾವು ಹೀಗೇ ಹೊಲಿದು ಕೊಡುತ್ತಿದ್ದೆವು. 2024ರ ಜೂನ್‌ನಲ್ಲಿ ಅವರು ತಡವರಿಸುವ ವಿಡಿಯೊ ತುಣುಕುಗಳು ಹರಿದಾಡಿದಾಗ ಶ್ವೇತಭವನ ಅವನ್ನು ಅಗ್ಗದ ನಕಲಿ ಎಂದು ಕರೆಯಿತು. ಅದೇ ತಿಂಗಳ 27ರಂದು ಟ್ರಂಪ್ ಜೊತೆಗಿನ ಚುನಾವಣಾ ಚರ್ಚೆಯಲ್ಲಿ ಅವರು ಮಾತಿನ ಎಳೆ ತಪ್ಪಿ ‘ಕೊನೆಗೂ ನಾವು ಮೆಡಿಕೇರ್ ಅನ್ನು ಸೋಲಿಸಿದೆವು’ ಎಂದರು. ಮೆಡಿಕೇರ್ ಎಂದರೆ ಅವರ ಪಕ್ಷ ಕಾಪಾಡಿಕೊಂಡು ಬಂದಿರುವ ವೃದ್ಧರ ಆರೋಗ್ಯ ವಿಮೆ. ಕೋಟ್ಯಂತರ ಜನ ಕಣ್ಣಾರೆ ನೋಡಿದರು. ಅಲ್ಲಿಯವರೆಗಿನ ನಮ್ಮ ಪುಟಗಳನ್ನಷ್ಟೇ ಓದಿದ್ದವರಿಗೆ ಅದು ಸಿಡಿಲು ಬಡಿದಂತಾಗಿರಬೇಕು. ತಿಂಗಳೊಳಗೆ ಅವರು ಕಣದಿಂದ ಹಿಂದೆ ಸರಿದರು.

ಬೈಡನ್ ಅವರದೇ ಇನ್ನೊಂದು ಪ್ರಸಂಗವನ್ನು ನಾನು ಹೊಸದಾಗಿ ಸೇರಿದ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ಆ ವರ್ಷದ ಅಕ್ಟೋಬರ್ 27ರಂದು ಟ್ರಂಪ್ ಅವರ ನ್ಯೂಯಾರ್ಕ್ ಸಭೆಯಲ್ಲಿ ಹಾಸ್ಯಗಾರರೊಬ್ಬರು ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊವನ್ನು ತೇಲುವ ಕಸದ ದ್ವೀಪ ಎಂದರು. ಎರಡು ದಿನದ ಮೇಲೆ ಬೈಡನ್ ವಿಡಿಯೊ ಕರೆಯೊಂದರಲ್ಲಿ ಸಿಟ್ಟಿನಿಂದ, ಅಲ್ಲಿ ತೇಲುತ್ತಿರುವ ಕಸ ಅಂತ ನನಗೆ ಕಾಣುವುದು ಅವರ ‘ಸಪೋರ್ಟರ್ಸ್’ ಎಂದರು. ಶ್ವೇತಭವನದ ಬರಹರೂಪದಲ್ಲಿ ಆ ಪದದ ಕೊನೆಯ ಅಕ್ಷರಕ್ಕೆ ಮೊದಲು ಒಂದು ಸಣ್ಣ ಚುಕ್ಕೆಗೀಟು, ಅಪಾಸ್ಟ್ರಫಿ, ಬಂತು. ಅದಿಲ್ಲದಿದ್ದರೆ ಕಸವೆಂದದ್ದು ಟ್ರಂಪ್ ಅವರ ಎಲ್ಲ ಬೆಂಬಲಿಗರನ್ನು. ಅದಿದ್ದರೆ ಒಬ್ಬ ಬೆಂಬಲಿಗನ, ಅಂದರೆ ಆ ಹಾಸ್ಯಗಾರರ, ಮಾತನ್ನು. ಶೀಘ್ರಲಿಪಿಕಾರರು ಬರೆದುಕೊಂಡಿದ್ದನ್ನು ಪತ್ರಿಕಾ ವಿಭಾಗ ಬದಲಿಸಿತು, ಅದಕ್ಕೆ ಅವರ ಮೇಲ್ವಿಚಾರಕರು ಆಕ್ಷೇಪಿಸಿದ್ದರು ಎಂದು ಎಪಿ ಸುದ್ದಿಸಂಸ್ಥೆ ವರದಿ ಮಾಡಿತು. ಟ್ರಂಪ್ ಮರುದಿನವೇ ಕಸದ ಲಾರಿ ಹತ್ತಿ ಕೂತರು.

ಕನ್ನಡದಲ್ಲಿ ಆ ಚುಕ್ಕೆಗೀಟಿನ ಮರೆ ಇಲ್ಲ. ‘ಬೆಂಬಲಿಗರು’ ಎನ್ನಬೇಕು, ಇಲ್ಲವೇ ‘ಬೆಂಬಲಿಗನ’ ಎನ್ನಬೇಕು. ಎರಡೂ ಕೇಳಿಸುವ ಪದವೇ ನಮ್ಮಲ್ಲಿಲ್ಲ. ಯಾವುದನ್ನು ಬರೆದರೂ ಒಂದು ಪಕ್ಷದ ಕಡೆ ವಾಲಿದಂತೆ. ಇಂಥ ಕಡೆ ಉಳಿಯುವ ದಾರಿ ಒಂದೇ: ಕೇಳಿಸಿದ್ದು ಹೀಗೆ, ಬರೆದದ್ದು ಹಾಗೆ, ಅವರು ಆಮೇಲೆ ಹೇಳಿದ್ದು ಇದು ಎಂದು ಮೂರನ್ನೂ ಕೊಡುವುದು. ಎರಡು ಸಾಲು ಹೆಚ್ಚು ಬೇಕಾಗುತ್ತದೆ. ಆ ಎರಡು ಸಾಲಿಗೆ ಜಾಗ ಮಾಡದ ಸಂಪಾದಕ ಬೇರೆ ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ನಾನು ನಂಬಿದ್ದೇನೆ.

ಬೈಗುಳದ ಅನುವಾದ ಇನ್ನೂ ಕಷ್ಟ. 2023ರ ನವೆಂಬರ್ 11ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟ್ರಂಪ್ ಎಡಪಂಥೀಯರನ್ನು ‘ವರ್ಮಿನ್’ಗಳಂತೆ (ಇಲಿ, ಹುಳುಗಳಂಥ ಪೀಡೆಯ ಜೀವಿಗಳಂತೆ) ದೇಶದೊಳಗೆ ಬದುಕುವವರು ಎಂದು ಕರೆದು, ಬೇರುಸಹಿತ ಕೀಳುವುದಾಗಿ ಹೇಳಿದರು. ನ್ಯೂಯಾರ್ಕ್ ಟೈಮ್ಸ್‌ನ ಮೊದಲ ಶೀರ್ಷಿಕೆಯಲ್ಲಿ ಭಾಷಣ ಬೇರೆಯೇ ದಿಕ್ಕಿಗೆ ಹೊರಳಿತು ಎಂಬಷ್ಟೇ ಇತ್ತು; ಟೀಕೆಗಳ ನಂತರ ಅದು ಬದಲಾಯಿತು. ನಮ್ಮಲ್ಲಿ ಆ ಪದಕ್ಕೆ ‘ಹೆಗ್ಗಣ’ ಎಂದು ಬರೆದಿದ್ದರು, ನಾನು ಹೊಡೆದುಹಾಕಿದೆ. ದೇಶ ತಿನ್ನುವ ಹೆಗ್ಗಣಗಳು ಎಂದು ನಾವು ಲಂಚಕೋರರನ್ನು ಬೈಯುತ್ತೇವೆ; ಅದರಲ್ಲಿ ಕಳ್ಳತನದ ಸಿಟ್ಟಿದೆಯೇ ಹೊರತು ಕೊಲ್ಲುವ ಮಾತಿಲ್ಲ. ‘ಹುಳುಹುಪ್ಪಟೆ’ ಎಂದರೆ ತಾತ್ಸಾರ ಮಾತ್ರ. ‘ಕ್ರಿಮಿ’ ಸರಿ, ಯಾಕೆಂದರೆ ಕ್ರಿಮಿ ಎಂದ ಕೂಡಲೇ ಅದರ ಹಿಂದೆ ಕ್ರಿಮಿನಾಶಕ ನಿಂತಿರುತ್ತದೆ.

ಬಹುವಚನದ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪಲಾರೆ, ಮೇಷ್ಟ್ರೇ. ‘ಅವರು’ ಎಂಬುದು ನಾವು ಕೊಡುವ ಪ್ರಮಾಣಪತ್ರವಲ್ಲ, ನಮ್ಮ ಮನೆಯ ರೀತಿ. ಟ್ರಂಪ್, ಬೈಡನ್, ಕಮಲಾ ಹ್ಯಾರಿಸ್, ನ್ಯೂಯಾರ್ಕಿನ ಜೊಹ್ರಾನ್ ಮಮ್ದಾನಿ ಎಲ್ಲರಿಗೂ ಒಂದೇ. ಯಾರಿಗೆ ‘ಅವನು’ ಎಂದು ಆರಿಸಲು ಕೂತರೆ ಆ ಕ್ಷಣವೇ ನಾವು ಯಾರದೋ ಪಕ್ಷದ ಕರಪತ್ರವಾಗುತ್ತೇವೆ. ಆದರೆ ಉದ್ಧರಣ ಚಿಹ್ನೆಯ ಒಳಗೆ ಕೈ ಹಾಕಬಾರದು. ಎದುರಾಳಿಯನ್ನು ‘ವಂಚಕ ಜೋ’ ಎಂದವರ ಬಾಯಲ್ಲಿ ‘ಬೈಡನ್ ಅವರು ವಂಚಕರು’ ಎಂದು ಹಾಕಿದ್ದೇವೆ, ಒಂದಲ್ಲ ಹಲವು ಸಲ. ಅದು ನಮ್ಮ ತಪ್ಪು. ಒಳಗೆ ಅವರ ಏಕವಚನ ಇರಲಿ, ಹೊರಗೆ ನಮ್ಮ ಬಹುವಚನ.

ನಿಮ್ಮ ಊರಿನವರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಸಾಗರದಲ್ಲಿ ‘ಸಮಾಜವಾದಿ’ ಎಂದರೆ 1951ರ ಕಾಗೋಡು ಸತ್ಯಾಗ್ರಹ, ಬಂಧನಕ್ಕೊಳಗಾದ ಲೋಹಿಯಾ, ಶಾಂತವೇರಿ ಗೋಪಾಲಗೌಡರು. ಅದು ಗೌರವದ ಪದ. ಅಮೆರಿಕದ ಚುನಾವಣಾ ಭಾಷಣದಲ್ಲಿ ಅದೇ ಪದ ಬಹಳ ಸಲ ಬೈಗುಳ. ಡೆಮಾಕ್ರಟಿಕ್ ಸೋಷಿಯಲಿಸ್ಟ್ ಎಂದು ತಾವೇ ಹೇಳಿಕೊಳ್ಳುವ ಮಮ್ದಾನಿ ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ನಿಂತಾಗ ಅವರನ್ನು ಟ್ರಂಪ್ ಕಮ್ಯುನಿಸ್ಟ್ ಎಂದರು. ಪಕ್ಕದ ಕೇರಳದಲ್ಲಿ ಕಮ್ಯುನಿಸ್ಟರು ಚುನಾವಣೆ ಗೆದ್ದು ಸರ್ಕಾರ ನಡೆಸಿದ್ದನ್ನು ಕಂಡ ನಮ್ಮ ಓದುಗರಿಗೆ ಅದು ಪಕ್ಷದ ಹೆಸರಾಗಿ ಕೇಳಿಸುತ್ತದೆ, ನಿಂದೆಯಾಗಿ ಅಲ್ಲ. ಸುಂಕ ಘೋಷಿಸಿದ ಏಪ್ರಿಲ್ 2ನ್ನು ಟ್ರಂಪ್ ‘ವಿಮೋಚನಾ ದಿನ’ ಎಂದದ್ದೂ ಹಾಗೇ; ಕಲಬುರ್ಗಿ, ಬೀದರ್ ಕಡೆಯವರಿಗೆ ವಿಮೋಚನೆ ಎಂದರೆ 1948ರ ಸೆಪ್ಟೆಂಬರ್ 17.

ಪತ್ರದ ಕೊನೆಯಲ್ಲಿ ನೀವು, ಅಲ್ಲಿಂದ ಗಡೀಪಾರಾದವರನ್ನು ‘ನುಸುಳುಕೋರರು’ ಎನ್ನಲು ಹಿಂಜರಿಕೆ ಯಾಕೆ ಎಂದೂ ಕೇಳಿದ್ದೀರಿ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು, ಪ್ರಯಾಣದಲ್ಲಿ ಅವರ ಕೈಗೆ ಕೋಳ, ಕಾಲಿಗೆ ಸರಪಳಿ ಇದ್ದವು. ಗಡಿ ದಾಟಿ ಹೋದವರು ಅವರಲ್ಲಿದ್ದರು, ಹೌದು. ಆದರೆ ಈ ಪದ ಅಲ್ಲಿಗೇ ನಿಲ್ಲುವುದಿಲ್ಲ. ಎಚ್-1ಬಿ ವೀಸಾದಲ್ಲಿರುವ ನಮ್ಮೂರ ಎಂಜಿನಿಯರ್ ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಸಿಗುವುದು 60 ದಿನಗಳ ಅವಕಾಶ. ಅಷ್ಟರಲ್ಲಿ ಬೇರೆ ದಾರಿಯಾಗದೆ ಅಲ್ಲೇ ಉಳಿದರೆ, ಬಾಗಿಲಿನಿಂದಲೇ ಒಳಹೋದ ಆ ಮನುಷ್ಯನ ವಾಸವೂ ಅಕ್ರಮವೇ. ಅವನೆಲ್ಲಿ ನುಸುಳಿದ? ಎಪಿ ಸಂಸ್ಥೆ 2013ರಲ್ಲೇ, ಅಕ್ರಮ ಎಂಬ ವಿಶೇಷಣ ಕೃತ್ಯಕ್ಕೆ ಇರಲಿ, ಮನುಷ್ಯನಿಗೆ ಬೇಡ ಎಂದು ತೀರ್ಮಾನಿಸಿತ್ತು. ನಾವು ‘ದಾಖಲೆ ಇಲ್ಲದೆ ನೆಲೆಸಿದ್ದವರು’ ಎಂದು ಬರೆಯುತ್ತೇವೆ. ಉದ್ದವಾಗುತ್ತದೆ, ಶೀರ್ಷಿಕೆಯಲ್ಲಿ ಹಿಡಿಸುವುದಿಲ್ಲ, ಆದರೂ ಅದನ್ನೇ ಬರೆಯುತ್ತೇವೆ.

ಅದೇ ಎಪಿ, ಮೆಕ್ಸಿಕೊ ಕೊಲ್ಲಿಯನ್ನು ‘ಅಮೆರಿಕ ಕೊಲ್ಲಿ’ ಎಂದಷ್ಟೇ ಬರೆಯಲು ಒಪ್ಪದ ಕಾರಣಕ್ಕೆ 2025ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಕಚೇರಿಯ ಕಾರ್ಯಕ್ರಮಗಳಿಂದ ಹೊರಗುಳಿಯಬೇಕಾಯಿತು, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಒಂದು ಪದಕ್ಕಾಗಿ ಅವರು ಅಷ್ಟು ದೂರ ಹೋದರು. ನಾವು ‘ಪ್ರತಿಸುಂಕ’ವನ್ನು ಐದು ನಿಮಿಷವೂ ಯೋಚಿಸದೆ ಒಪ್ಪಿಕೊಂಡೆವು ಎಂಬುದು ನಿಮ್ಮ ಪತ್ರ ಓದಿದ ರಾತ್ರಿ ನನ್ನನ್ನು ತುಂಬ ಕಾಡಿತು.

ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ ಹಾಕಿದ್ದೇವೆ, ತಪ್ಪು ಅಚ್ಚಾಗಿದ್ದ ಅದೇ ಅಕ್ಷರ ಗಾತ್ರದಲ್ಲಿ. ಮೇಲೆ ಕೊಟ್ಟಿರುವ ಮಕ್ಕಳ ಆರೈಕೆಯ ಉತ್ತರವನ್ನು ಈ ಭಾನುವಾರ ಫೋನ್ ಮಾಡಿದಾಗ ಮಗಳಿಗೆ ಓದಿ ಹೇಳಿ, ಮೇಷ್ಟ್ರೇ. ಅದನ್ನು ಕೇಳಿಯೂ ‘ಅವರು ಹಾಗೆ ಮಾತಾಡೋದೇ ಇಲ್ಲ’ ಎಂದರೆ, ಯಾವ ಪದದಲ್ಲಿ ಎಡವಿದ್ದೇವೆ ಎಂದು ಕೇಳಿ ಬರೆದು ಕಳಿಸಿ.

— ಸಂಪಾದಕ