ಮಗಳ ಕಸಿ ವಿವರ ಹಂಚಲು ಒಪ್ಪಬಹುದೇ?

ಪ್ರಶ್ನೆ: 8 ವರ್ಷದ ಮಗಳಿಗೆ ಲಿವರ್ ಕಸಿ ಆಗಿದೆ. ಅವಳ ವಿವರಗಳನ್ನು ಬೇರೆ ಆಸ್ಪತ್ರೆಗಳ ಜೊತೆ ಹಂಚಿಕೊಂಡು ಅಧ್ಯಯನ ಮಾಡಲು ಸಹಿ ಕೇಳುತ್ತಿದ್ದಾರೆ. ಹೆಸರು ಎಲ್ಲಾದರೂ ಹೊರಬಿದ್ದರೆ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಭಯ ಸಹಜ. ಆದರೆ ಕಾಗದ ಓದದೆ ಬೇಡ ಅನ್ನಬೇಡಿ. ಮಕ್ಕಳ ಕಸಿ ಒಂದೊಂದು ಆಸ್ಪತ್ರೆಯಲ್ಲಿ ನಡೆಯುವುದೇ ಕಡಿಮೆ, ಹಾಗಾಗಿ ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್‌ನಂಥ ಔಷಧ ಯಾವ ವಯಸ್ಸಿಗೆ ಎಷ್ಟು ಬೇಕು, ಜಾಸ್ತಿಯಾದರೆ ಕಿಡ್ನಿಗೆ ಏನಾಗುತ್ತದೆ ಅನ್ನುವುದು ಹತ್ತಾರು ಕಡೆಯ ಲೆಕ್ಕ ಒಟ್ಟು ಸೇರಿಸಿದಾಗಲೇ ಸರಿಯಾಗಿ ಕಾಣುತ್ತದೆ. ಅಮೆರಿಕ, ಕೆನಡಾದ ಆಸ್ಪತ್ರೆಗಳು 'ಸ್ಪ್ಲಿಟ್' ಎಂಬ ಹೆಸರಿನಲ್ಲಿ 1995ರಿಂದಲೇ ಈ ಕೆಲಸ ಮಾಡುತ್ತಿವೆ.

ಸಾಮಾನ್ಯವಾಗಿ ಹೆಸರು ತೆಗೆದು ಕೋಡ್ ಹಾಕುತ್ತಾರೆ. ಅಷ್ಟೇ ಸಾಕಾಗಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾಯಿಲೆ ಅಪರೂಪದ್ದು, ಊರು ಚಿಕ್ಕದು, ಆಪರೇಷನ್ ತಾರೀಖೂ ಇದೆ ಅಂದರೆ ಮಗು ಯಾರೆಂದು ಊಹಿಸುವುದು ಕಷ್ಟವೇನಲ್ಲ, ಅಲ್ವಾ? ಊರು, ತಾರೀಖನ್ನೂ ಮರೆಮಾಡುತ್ತೀರಾ, ಕೋಡ್‌ನ ಕೀಲಿ (ಯಾವ ಕೋಡ್ ಯಾವ ಮಗುವಿನದು ಎಂಬ ಪಟ್ಟಿ) ಯಾರ ಹತ್ತಿರ ಇರುತ್ತದೆ, ವಾಟ್ಸಾಪ್‌ನಲ್ಲಿ ರಿಪೋರ್ಟ್ ಓಡಾಡುತ್ತದೆಯೇ ಎಂದು ನೇರವಾಗಿ ಕೇಳಿ. ಮುಜುಗರ ಬೇಡ.

2023ರ ಡೇಟಾ ಸಂರಕ್ಷಣಾ ಕಾಯ್ದೆ 18 ದಾಟದವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ಅಧ್ಯಯನಕ್ಕೆ 7 ದಾಟಿದ ಮಗುವನ್ನೂ ಕೇಳಬೇಕು. ಅಂದರೆ ನಿಮ್ಮ ಮಗಳನ್ನೂ! ಕೊಟ್ಟ ಒಪ್ಪಿಗೆಯನ್ನು ಆಮೇಲೆ ಹಿಂದಕ್ಕೆ ಪಡೆಯಬಹುದು, ಸಹಿ ಹಾಕಲಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಕಾಗದ ಕನ್ನಡದಲ್ಲೇ ಕೊಡಿ ಎನ್ನಿ, ಒಂದು ಪ್ರತಿ ಇಟ್ಟುಕೊಳ್ಳಿ.