ವರ್ಷಗಟ್ಟಲೆ ನಿಂತ ಎಲೆಕ್ಟ್ರಿಕ್ ಗಾರ್ಡನ್ ಟ್ರ್ಯಾಕ್ಟರ್ ಮತ್ತೆ ಓಡಿಸುವುದು ಹೇಗೆ?

ಕೀಲಿ ತಿರುಗಿಸಿದರೂ ಗಾಡಿ ಅಲುಗುತ್ತಿಲ್ಲ, ಮೋಟಾರ್ ಸುಟ್ಟಿರಬಹುದಾ ಅಂತ ಕೇಳಿದ್ದೀರಿ. ಮೋಟಾರ್ ಕೊನೆಗೆ ನೋಡೋಣ. ಮೊದಲು ಸಾಯುವುದು ಬ್ಯಾಟರಿ.

1970ರ ದಶಕದ ಜಿಇ (ಜನರಲ್ ಎಲೆಕ್ಟ್ರಿಕ್ ಕಂಪನಿ) ಎಲೆಕ್-ಟ್ರ್ಯಾಕ್‌ನಂಥ 36 ವೋಲ್ಟ್ ಗಾಡಿಗಳಲ್ಲಿ ಸಾಮಾನ್ಯವಾಗಿ 6 ವೋಲ್ಟಿನ ಆರು ಲೆಡ್-ಆಸಿಡ್ ಬ್ಯಾಟರಿಗಳು ಸೀರೀಸ್‌ನಲ್ಲಿ, ಅಂದರೆ ಒಂದರ ಕರೆಂಟ್ ಇನ್ನೊಂದರ ಮೂಲಕವೇ ಹರಿಯುವಂತೆ, ಜೋಡಿಸಿರುತ್ತವೆ, ಹಾಗಾಗಿ ಒಂದು ಕೆಟ್ಟರೂ ಇಡೀ ಗಾಡಿ ನಿಲ್ಲುತ್ತದೆ. ಉಂಗುರ, ವಾಚ್ ತೆಗೆದಿಡಿ, ಕಣ್ಣು ಕಾಪಾಡುವ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ. ಬ್ಯಾಟರಿ ಒಳಗಿನ ಪ್ಲೇಟ್ ಒಣಗಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ನೀರು ಹಾಕಿ, ಗಾಳಿಯಾಡುವ ಕಡೆ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಒಂದೊಂದನ್ನೂ ಅಳೆಯಿರಿ. 6.3 ವೋಲ್ಟ್ ಆಸುಪಾಸು ಇದ್ದರೆ ಒಳ್ಳೆಯದು. ಲೋಡ್ ಕೊಟ್ಟ (ಕರೆಂಟ್ ಎಳೆದ) ತಕ್ಷಣ ವೋಲ್ಟೇಜ್ ಕುಸಿದರೆ ಅದರ ಕಥೆ ಮುಗಿಯಿತು. ಬದಲಿಸುವಾಗ ಆರನ್ನೂ ಒಟ್ಟಿಗೇ ಬದಲಿಸಿ, ಹಳತು ಹೊಸತು ಬೆರೆಸಿದರೆ ಹೊಸದೂ ಬೇಗ ಹಾಳಾಗುತ್ತದೆ.

ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ಉಜ್ಜಿ ತೊಳೆಯಿರಿ, ಸೋಡಾ ಬ್ಯಾಟರಿ ಒಳಗೆ ಹೋಗಬಾರದು. ಆಮೇಲೆ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ಕೀಲಿ ತಿರುಗಿಸಿ. 'ಟಕ್' ಸದ್ದೇ ಇಲ್ವಾ? ಫ್ಯೂಸ್, ಸೀಟ್ ಸ್ವಿಚ್, ಬ್ರೇಕ್ ಸ್ವಿಚ್ ನೋಡಿ. ಸದ್ದು ಬಂದೂ ತಿರುಗದಿದ್ದರೆ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಪಾಯಿಂಟ್ ಕಪ್ಪಾಗಿರಬಹುದು, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಧೂಳಿಗೆ ಅಂಟಿಕೊಂಡಿರಬಹುದು. ಬ್ಯಾಟರಿ ಕನೆಕ್ಷನ್ ತೆಗೆದು ಬ್ರಷ್ಷನ್ನು ಬೆರಳಲ್ಲಿ ಒತ್ತಿ ನೋಡಿ, ಸ್ಪ್ರಿಂಗ್ ಅದನ್ನು ಸಲೀಸಾಗಿ ಹಿಂದಕ್ಕೆ ತಳ್ಳಬೇಕು.